ತಿನ್ನುವ ದಿನದಿಂದ ಹಿಂದಕ್ಕೆ ಎಣಿಸಿ

ನಮ್ಮ ಅಡುಗೆಮನೆಯ ಗೋಡೆಯಲ್ಲಿ ಎರಡು ಕ್ಯಾಲೆಂಡರ್‌ಗಳಿವೆ. ಒಂದು ಹಾಲಿನ ಲೆಕ್ಕಕ್ಕೆ, ಇನ್ನೊಂದು ತೋಟಕ್ಕೆ. ತೋಟವೆಂದರೆ ಮೈಸೂರಿನ ಕುವೆಂಪುನಗರದ ಮನೆಯ ಹಿತ್ತಲಲ್ಲಿ 10 ಅಡಿ ಜಾಗ, ತಾರಸಿಯಲ್ಲಿ ಏಳೆಂಟು ಕುಂಡ, ಅಷ್ಟೇ. ಅದರ ಕ್ಯಾಲೆಂಡರ್ ಮೊಮ್ಮಕ್ಕಳ ವಶದಲ್ಲಿದೆ.

ಮಕ್ಕಳನ್ನು ಕೂರಿಸಿಕೊಂಡು ‘ಏನು ಬಿತ್ತೋಣ’ ಎಂದು ಕೇಳಬೇಡಿ. ಅಂಗಡಿಯಲ್ಲಿರುವ ಪೊಟ್ಟಣಗಳೆಲ್ಲ ಬೇಕೆನ್ನುತ್ತಾರೆ. ‘ಯಾವಾಗ ಏನು ತಿನ್ನೋಣ’ ಎಂದು ಕೇಳಿ. ಜಂಬೂಸವಾರಿಗೆ ಮನೆ ತುಂಬ ನೆಂಟರು ಬರುತ್ತಾರಲ್ಲ, ಅವರಿಗೆ ತಾನು ಬೆಳೆದ ಬೆಂಡೆಕಾಯಿಯ ಗೊಜ್ಜು ಬಡಿಸಬೇಕೆಂದು ಒಂಬತ್ತು ವರ್ಷದ ಮೊಮ್ಮಗಳ ಹಟ. ಸರಿ, ಪಂಚಾಂಗ ನೋಡಿ ವಿಜಯದಶಮಿಯ ಚೌಕಕ್ಕೆ ಕೆಂಪು ಗುರುತು ಹಾಕಿದೆವು. ಬೆಂಡೆ ಬಿತ್ತಿದ ಮೇಲೆ ಮೊದಲ ಕಾಯಿಗೆ ಸುಮಾರು 50 ದಿನ, ಗೊಜ್ಜಿಗಾಗುವಷ್ಟು ಸಿಗಲು ಇನ್ನೊಂದು ವಾರ. ಅವಳೇ ಬೆರಳಿಟ್ಟು ಹಿಂದಕ್ಕೆ ಎಣಿಸಿ ಬಿತ್ತುವ ದಿನಕ್ಕೆ ಬಂದು ನಿಂತಳು. ಹಬ್ಬ ಪ್ರತಿವರ್ಷ ಜಾರುತ್ತದೆ, ಹಾಗಾಗಿ ಹಳೆಯ ಕ್ಯಾಲೆಂಡರ್ ನೋಡಿ ನಕಲು ಮಾಡುವಂತಿಲ್ಲ. ಮೂಲಂಗಿಗೆ 45 ದಿನ, ಮೆಂತ್ಯಸೊಪ್ಪಿಗೆ 30 ದಿನ ಹಿಂದಕ್ಕೆ ಹೋದರೆ ಸಾಕು.

ಆರು ವರ್ಷದವನಿಗೆ ಅಷ್ಟು ತಾಳ್ಮೆ ಎಲ್ಲಿಂದ ಬರಬೇಕು? ಅವನಿಗೆ ಕೊತ್ತಂಬರಿ ಕೊಟ್ಟೆ. ಡಬ್ಬಿಯ ಧನಿಯವನ್ನೇ ಮಣೆಯ ಮೇಲೆ ಹರಡಿ ಲಟ್ಟಣಿಗೆಯಿಂದ ಮೆಲ್ಲಗೆ ಒತ್ತಿದರೆ ಕಾಳು ಎರಡು ಹೋಳಾಗುತ್ತದೆ, ಪುಡಿಯಾದರೆ ಸಾರಿಗೆ. ಒಂದು ರಾತ್ರಿ ನೆನೆಸಿ ಬಿತ್ತಿದರೂ ಮೊಳಕೆ ಕಾಣಲು ಎಂಟು ಹತ್ತು ದಿನ ಬೇಕು. ಮೂರನೆಯ ದಿನವೇ ಮಣ್ಣು ಕೆದಕಿ ನೋಡಿದ ಮಹಾಶಯ! ಈಗ ಆ ಹತ್ತೂ ಚೌಕಗಳಲ್ಲಿ ‘ಕೆದಕಬಾರದು’ ಎಂದು ಅವನ ಕೈಯಲ್ಲೇ ಬರೆಸಿದ್ದೇನೆ. ಎರಡು ವಾರಕ್ಕೊಮ್ಮೆ ಒಂದೊಂದು ಕುಂಡದಂತೆ ಬಿತ್ತಿದರೆ ಸೊಪ್ಪು ಒಟ್ಟಿಗೇ ಬಂದು ಒಟ್ಟಿಗೇ ಮುಗಿಯುವುದಿಲ್ಲ. ಅಂಗಡಿಯ ಬೀಜಕ್ಕೆ ಬಣ್ಣ ಬಳಿದಿದ್ದರೆ ಅದಕ್ಕೆ ಔಷಧ ಲೇಪಿಸಿರುತ್ತಾರೆ. ಅಂಥದ್ದನ್ನು ಮಕ್ಕಳ ಕೈಗೆ ಕೊಡುವುದಿಲ್ಲ.

ಪರೀಕ್ಷೆಯ ದಿನಗಳಲ್ಲಿ ನೀರು ಹಾಕುವುದೊಂದೇ ಕೆಲಸ.

ದಿನ ಎಣಿಸಿದರೆ ಸಾಲದೆಂದು ನನಗೆ ಕಲಿಸಿದ್ದು ಅವರೆಬಳ್ಳಿ. ಒಂದು ವರ್ಷ ಯುಗಾದಿಯ ಮಾರನೆಯ ದಿನ ನಾಟಿ ಅವರೆಕಾಳು ಊರಿದೆವು. ಬಳ್ಳಿ ಕಾಂಪೌಂಡು ದಾಟಿ ಪಕ್ಕದ ಮನೆಯ ಸೀಬೆಮರ ಹತ್ತಿತು. ಬೇಸಿಗೆ ಕಳೆದರೂ ಒಂದು ಹೂವಿಲ್ಲ. ಗೊಬ್ಬರ ಹೆಚ್ಚಾಯಿತೆಂದು ನನ್ನನ್ನೇ ಬೈದುಕೊಂಡೆ. ನಾಟಿ ಅವರೆ ಹೂ ಬಿಡುವುದು ಹಗಲು ಗಿಡ್ಡವಾದಾಗ ಎಂದು ಆಮೇಲೆ ತಿಳಿಯಿತು. ಅದಕ್ಕೇ ಈ ಸಲ ಶ್ರಾವಣದಲ್ಲಿ ಊರಿ, ಡಿಸೆಂಬರಿನ ಕೊನೆಯ ಭಾನುವಾರಕ್ಕೆ ‘ಹಿದುಕಿದ ಬೇಳೆ ಸಾರು’ ಎಂದು ಬರೆದಿದ್ದೇವೆ. ಹಿದುಕುವ ಕೆಲಸ ತನ್ನದೇ ಎಂದು ಹುಡುಗ ಪಕ್ಕದಲ್ಲಿ ಹೆಸರು ಹಾಕಿಕೊಂಡಿದ್ದಾನೆ. ಹೋದ ವರ್ಷ ಅಂಗಡಿಯ ಅವರೆಯನ್ನು ಅವನು ಹಿದುಕಿದಾಗ ಚಿಮ್ಮಿದ ಕಾಳು ದೇವರಮನೆಯಲ್ಲೂ ಸಿಕ್ಕಿತ್ತು.