ರಿಮೋಟ್ ಹಾಯಿದೋಣಿ: ಕ್ಲಾಸ್ ರೂಲ್ಸ್ ಓದುವುದು ಹೇಗೆ?

ಒಂದು ಮೀಟರ್ ಉದ್ದದ ದೋಣಿ. ಎಂಜಿನ್ ಇಲ್ಲ, ಗಾಳಿಯೇ ಎಲ್ಲ. ದಡದಲ್ಲಿ ನಿಂತವರ ಕೈಯಲ್ಲಿ ಒಂದು ರಿಮೋಟ್. ಅದರ ಒಂದು ಕಡ್ಡಿ ಚುಕ್ಕಾಣಿ ತಿರುಗಿಸುತ್ತದೆ, ಇನ್ನೊಂದು ಹಾಯಿಯ ಹಗ್ಗವನ್ನು ಎಳೆಯುತ್ತದೆ, ಬಿಡುತ್ತದೆ. ಬ್ರಿಟನ್, ಆಸ್ಟ್ರೇಲಿಯಾ, ಅಮೆರಿಕದ ಎಷ್ಟೋ ಊರುಗಳ ಕೆರೆ-ಕೊಳಗಳಲ್ಲಿ ವಾರಾಂತ್ಯಕ್ಕೆ ಈ ರೇಸ್ ನಡೆಯುತ್ತದೆ. ಅಲ್ಲಿ ನೆಲೆಸಿದ ಕನ್ನಡಿಗರು ಹತ್ತಿರದ ಕ್ಲಬ್ ಸೇರಬಹುದು, ಇಲ್ಲಿರುವವರು ಕಿಟ್ ತರಿಸಿಕೊಂಡು ಶುರು ಮಾಡಬಹುದು.

ದೋಣಿ ಓಡಿಸುವುದನ್ನು ಹೇಗೋ ಕಲಿತುಬಿಡುತ್ತೀರಿ. ತಲೆ ತಿನ್ನುವುದು ನಿಯಮದ ಪುಸ್ತಕ. ಯಾವ ದೋಣಿ ಯಾವ ಗುಂಪಿನಲ್ಲಿ ಓಡಬಹುದು, ಎಷ್ಟು ಉದ್ದ, ಎಷ್ಟು ತೂಕ, ಯಾವ ವಸ್ತು ಎಂದೆಲ್ಲ ಹೇಳುವ ಆ ಪುಸ್ತಕಕ್ಕೆ ಕ್ಲಾಸ್ ರೂಲ್ಸ್ ಎನ್ನುತ್ತಾರೆ. ಸುಮ್ನೆ ಮೇಲಿಂದ ಕೆಳಗೆ ಓದಿಕೊಂಡು ಹೋದರೆ ಅದು ಅರ್ಥವಾಗುವುದಿಲ್ಲ. ಅದನ್ನು ಓದುವ ಒಂದು ಕ್ರಮವಿದೆ. ಇಲ್ಲಿ ಉದಾಹರಣೆಗೆ ಇಂಟರ್‌ನ್ಯಾಷನಲ್ ಒನ್ ಮೀಟರ್, ಅಂದರೆ ಐಒಎಂ ಕ್ಲಾಸ್ ತೆಗೆದುಕೊಂಡಿದ್ದೇನೆ. 1988ರಲ್ಲಿ ಶುರುವಾದ ಈ ಕ್ಲಾಸ್ ಇವತ್ತು ಜಗತ್ತಿನ ಬಹಳಷ್ಟು ಕಡೆ ಓಡುತ್ತಿದೆ.

ಹಂತ 1: ಪುಸ್ತಕ ಮುಚ್ಚಿದ್ದೋ, ತೆರೆದದ್ದೋ?

ಮೊದಲು ನೋಡಬೇಕಾದದ್ದು ಇದೊಂದೇ. ನಿಯಮಗಳು ಎರಡು ಜಾತಿ. ಕ್ಲೋಸ್ಡ್ ಕ್ಲಾಸ್ ರೂಲ್ಸ್‌ನಲ್ಲಿ, ಮಾಡಬಹುದು ಎಂದು ಬರೆದಿದ್ದರೆ ಮಾತ್ರ ಮಾಡಬಹುದು. ಬರೆಯದೇ ಬಿಟ್ಟದ್ದೆಲ್ಲ ನಿಷೇಧ. ಓಪನ್ ಕ್ಲಾಸ್ ರೂಲ್ಸ್‌ನಲ್ಲಿ ಇದರ ತಿರುಗುಮುರುಗು: ಬೇಡ ಎಂದು ಬರೆಯದೇ ಇದ್ದದ್ದೆಲ್ಲ ನಡೆಯುತ್ತದೆ.

ಐಒಎಂ ಮುಚ್ಚಿದ ಪುಸ್ತಕ. ಹೋಟೆಲ್ಲಿನ ಮೆನು ಇದ್ದ ಹಾಗೆ, ಪಟ್ಟಿಯಲ್ಲಿ ಇಲ್ಲದ್ದನ್ನು ಕೇಳುವ ಹಾಗಿಲ್ಲ. ಹೊಸಬರು ಎಡವುವುದು ಇಲ್ಲೇ. ‘ಇದು ಬೇಡ ಅಂತ ಎಲ್ಲಿ ಬರೆದಿದೆ ತೋರಿಸಿ?’ ಎಂದು ವಾದಕ್ಕೆ ನಿಲ್ಲುತ್ತಾರೆ. ಎಲ್ಲೂ ಬರೆದಿರುವುದಿಲ್ಲ. ಬರೆಯುವ ಅಗತ್ಯವೂ ಇಲ್ಲ. ಉದಾಹರಣೆಗೆ, ಮುಂದಿನ ಸಣ್ಣ ಹಾಯಿಯನ್ನು ಓಟದ ನಡುವೆಯೇ ಬೇರೆಯಾಗಿ ಹೊಂದಿಸಲು ಮೂರನೆಯ ಸರ್ವೊ (ರಿಮೋಟ್ ಹೇಳಿದಂತೆ ತಿರುಗುವ ಪುಟ್ಟ ಮೋಟಾರು) ಹಾಕಿದರೆ ಹೇಗೆ? ಐಒಎಂನಲ್ಲಿ ಅನುಮತಿ ಇರುವುದು ಎರಡಕ್ಕೆ ಮಾತ್ರ. ಚುಕ್ಕಾಣಿಗೆ ಒಂದು, ಹಾಯಿಯ ಹಗ್ಗಕ್ಕೆ ಒಂದು. ಅಲ್ಲಿಗೆ ಮಾತು ಮುಗಿಯಿತು.

ಹೋಲಿಕೆಗೆ ಮಾರ್ಬಲ್‌ಹೆಡ್ ಕ್ಲಾಸ್ ನೋಡಿ. ಅಮೆರಿಕದ ಮ್ಯಾಸಚೂಸೆಟ್ಸ್‌ನ ಮಾರ್ಬಲ್‌ಹೆಡ್ ಊರಿನಲ್ಲಿ 1930ರ ಸುಮಾರಿಗೆ ಹುಟ್ಟಿದ್ದು. ಮೂಲದಲ್ಲಿ 50 ಇಂಚು ಉದ್ದ, 800 ಚದರ ಇಂಚು ಹಾಯಿ, ಇವೆರಡೇ ಅದರ ಮುಖ್ಯ ಹಿಡಿತ. ಹಾಗಾಗಿ ಅದು ಹೊಸ ಪ್ರಯೋಗಗಳ ಕ್ಲಾಸ್ ಆಗಿ ಬೆಳೆಯಿತು. ಇನ್ನು ಡ್ರಾಗನ್‌ಫ್ಲೈಟ್ 95ರಂಥ ಕಿಟ್ ದೋಣಿಗಳು ಇನ್ನೊಂದು ತುದಿ. ಅಲ್ಲಿ ಎಲ್ಲರ ದೋಣಿಯೂ ಒಂದೇ. ಕಾರ್ಖಾನೆಯಿಂದ ಬಂದ ಭಾಗಗಳಿಗೆ ನೀವು ಏನೇನು ಮಾಡಬಹುದು ಎಂಬ ಪಟ್ಟಿ ಇರುತ್ತದೆ, ಅಷ್ಟೇ. ಹೊಸಬರಿಗೆ ನನ್ನ ಸಲಹೆ ಕೇಳಿದರೆ, ಇಂಥ ದೋಣಿಯಿಂದಲೇ ಶುರು ಮಾಡಿ. ನಿಯಮ ಓದುವ ಕೆಲಸ ಅರ್ಧ ಕಡಿಮೆ.

ಹಂತ 2: ಪುಸ್ತಕ ಒಂದಲ್ಲ, ಅದರ ಜತೆ ಇನ್ನೂ ಇವೆ

ಕ್ಲಾಸ್ ರೂಲ್ಸ್ ಒಂಟಿಯಾಗಿ ನಿಲ್ಲುವುದಿಲ್ಲ. ಹಾಯಿದೋಣಿ ಕ್ರೀಡೆಯ ಜಾಗತಿಕ ಸಂಸ್ಥೆ ವರ್ಲ್ಡ್ ಸೇಲಿಂಗ್‌ನ ರೇಸಿಂಗ್ ರೂಲ್ಸ್ ಆಫ್ ಸೇಲಿಂಗ್ ಒಂದು. ಅದರ ಅಪೆಂಡಿಕ್ಸ್ ಇ ಪೂರ್ತಿ ರೇಡಿಯೊ ದೋಣಿಗಳಿಗೇ ಮೀಸಲು. ಇನ್ನೊಂದು ಇಕ್ವಿಪ್‌ಮೆಂಟ್ ರೂಲ್ಸ್ ಆಫ್ ಸೇಲಿಂಗ್. ಹಾಯಿ ಎಂದರೆ ಏನು, ಅದರ ಮೂಲೆ ಎಲ್ಲಿ, ಅಳತೆ ಹೇಗೆ ಹಿಡಿಯಬೇಕು, ಎಲ್ಲವೂ ಇದರಲ್ಲಿದೆ. ಎರಡೂ ನಾಲ್ಕು ವರ್ಷಕ್ಕೊಮ್ಮೆ ಹೊಸದಾಗುತ್ತವೆ. ಈಗಿನದು 2025–2028ರ ಆವೃತ್ತಿ. ಇವುಗಳ ಮೇಲೆ ಆಯಾ ರೇಸಿನ ನೋಟಿಸ್ ಮತ್ತು ಸೂಚನೆಗಳು.

ಆಯೋಜಕರು ತಮ್ಮ ನೋಟಿಸ್‌ನಲ್ಲಿ ಕ್ಲಾಸ್ ರೂಲ್ ಸಡಿಲಿಸಬಹುದಾ? ಮನಸ್ಸಿಗೆ ಬಂದಂತೆ ಆಗುವುದಿಲ್ಲ. ರೇಸಿಂಗ್ ರೂಲ್ಸ್‌ನ 87ನೇ ನಿಯಮದ ಪ್ರಕಾರ, ಆ ಕ್ಲಾಸ್‌ನ ನಿಯಮವೇ ಅದಕ್ಕೆ ಅವಕಾಶ ಕೊಟ್ಟಿರಬೇಕು. ಇಲ್ಲವೇ ಕ್ಲಾಸ್ ಅಸೋಸಿಯೇಷನ್‌ನ ಲಿಖಿತ ಒಪ್ಪಿಗೆ ಬೇಕು. ‘ನಮ್ಮ ಕ್ಲಬ್ಬಲ್ಲಿ ನಡೆಯುತ್ತೆ’ ಎನ್ನುವ ಮಾತು ಕ್ಲಬ್ಬಿನ ಭಾನುವಾರದ ಓಟಕ್ಕೆ ಸಾಕು. ಹೊರಗೆ ಹೋದರೆ ಅದಕ್ಕೆ ಬೆಲೆ ಇಲ್ಲ.

ಹಂತ 3: ದಪ್ಪ ಅಕ್ಷರ ಕಂಡಲ್ಲಿ ನಿಲ್ಲಿ

ಕ್ಲಾಸ್ ರೂಲ್ಸ್ ತೆರೆದರೆ ಕೆಲವು ಪದಗಳು ದಪ್ಪ ಅಕ್ಷರದಲ್ಲಿ, ಕೆಲವು ಓರೆ ಅಕ್ಷರದಲ್ಲಿ ಇರುತ್ತವೆ. ಅಲಂಕಾರಕ್ಕಲ್ಲ. ದಪ್ಪ ಪದದ ಅರ್ಥ ಇಕ್ವಿಪ್‌ಮೆಂಟ್ ರೂಲ್ಸ್‌ನಲ್ಲಿದೆ, ಓರೆ ಪದದ ಅರ್ಥ ರೇಸಿಂಗ್ ರೂಲ್ಸ್‌ನಲ್ಲಿದೆ. ಅದನ್ನು ತೆಗೆದು ನೋಡದೆ ಮುಂದಕ್ಕೆ ಹೋಗಬೇಡಿ.

ಇದು ಯಾಕೆ ಮುಖ್ಯ ಎಂದು ಒಂದು ಹಾಯಿ ಇಟ್ಟುಕೊಂಡೇ ನೋಡೋಣ. ದೊಡ್ಡ ಹಾಯಿಯ ಹಿಂದಿನ ಕೆಳಮೂಲೆಗೆ ಕ್ಲ್ಯೂ ಎನ್ನುತ್ತಾರೆ. ಹಾಯಿ ಹೊಲಿಯುವವರು ಈ ಮೂಲೆಯನ್ನು ಸ್ವಲ್ಪ ದುಂಡಗೆ ಕತ್ತರಿಸಿರುತ್ತಾರೆ. ನೀವು ಟೇಪ್ ಹಿಡಿದು ಬಟ್ಟೆ ಮುಗಿಯುವಲ್ಲಿಗೆ ಅಳೆದರೆ ಲೆಕ್ಕ ತಪ್ಪು. ನಿಯಮದ ಪ್ರಕಾರ ಕ್ಲ್ಯೂ ಪಾಯಿಂಟ್ ಎಂದರೆ ಹಾಯಿಯ ಕೆಳಅಂಚು ಮತ್ತು ಹಿಂಅಂಚು ಎರಡನ್ನೂ ಬೇಕಾದಷ್ಟು ಮುಂದಕ್ಕೆ ಎಳೆದಾಗ ಅವು ಸೇರುವ ಜಾಗ. ಆ ಬಿಂದು ಬಟ್ಟೆಯ ಹೊರಗೆ, ಬರೀ ಮೇಜಿನ ಮೇಲೆ ಇರಬಹುದು! ಹಾಗಾಗಿ ಹಾಯಿಯ ಕೆಳಗೆ ಒಂದು ಬಿಳಿ ಹಾಳೆ ಹಾಸಿ. ಎರಡೂ ಅಂಚಿಗೆ ತೆಳುವಾದ ಪಟ್ಟಿ ಇಟ್ಟು ಪೆನ್ಸಿಲ್ ಗೆರೆ ಎಳೆಯಿರಿ. ಗೆರೆಗಳು ಕೂಡಿದಲ್ಲಿ ಚುಕ್ಕೆ ಇಡಿ. ಅಲ್ಲಿಂದ ಅಳೆಯಿರಿ. ಒಂದೆರಡು ಮಿಲಿಮೀಟರ್ ವ್ಯತ್ಯಾಸ ಬಂದೇ ಬರುತ್ತದೆ. ಗರಿಷ್ಠ ಅಳತೆಗೆ ಅಂಟಿಕೊಂಡು ಹೊಲಿದ ಹಾಯಿಗೆ ಅಷ್ಟೇ ಸಾಕು, ಹೊರಗೆ ಕೂರಿಸಲು.

ಹಾಯಿಯನ್ನು ಹೇಗೆ ಹಾಸಬೇಕು ಎಂದೂ ಬರೆದಿದೆ. ಹಾಯಿ ಒಣಗಿರಬೇಕು. ಕಂಬದಿಂದ ಬಿಚ್ಚಿರಬೇಕು. ಒಳಗಿನ ಪಟ್ಟಿಗಳನ್ನು ತೆಗೆದಿರಬೇಕು. ಅಳೆಯುವ ಗೆರೆಯ ಮೇಲಿನ ಸುಕ್ಕು ಹೋಗುವಷ್ಟು ಮಾತ್ರ ಎಳೆಯಬೇಕು. ಒಂದು ಸಲಕ್ಕೆ ಒಂದೇ ಅಳತೆ. ಮನೆಯಲ್ಲಿ ಇಬ್ಬರು ಎರಡು ಕಡೆ ಹಿಡಿದು ಜಗ್ಗಿದರೆ ಸಿಗುವ ಸಂಖ್ಯೆ ಯಾವ ಕೆಲಸಕ್ಕೂ ಬರುವುದಿಲ್ಲ. ಹಿಂಅಂಚಿನ ನಡುಬಿಂದು ಬೇಕಾದರೆ ಅಳೆಯುವ ಗೋಜೇ ಬೇಡ. ತಲೆಯ, ಅಂದರೆ ಹಾಯಿಯ ಮೇಲಿನ ಮೂಲೆಯ, ಬಿಂದುವನ್ನು ಕ್ಲ್ಯೂ ಬಿಂದುವಿನ ಮೇಲೆ ಮಡಚಿ ತಂದು, ಹಿಂಅಂಚಿನಲ್ಲಿ ಮಡಿಕೆ ಬಿದ್ದಲ್ಲಿ ಗುರುತು ಮಾಡಿ.

ಹಂತ 4: ಒಂದು ಭಾಗಕ್ಕೆ ಎರಡು ಕಡೆ ನಿಯಮ

ಈ ಪುಸ್ತಕಗಳಿಗೆ ಒಂದು ಸಾಮಾನ್ಯ ಚೌಕಟ್ಟಿದೆ. ಎ ವಿಭಾಗ ಆಡಳಿತ, ಬಿ ಅರ್ಹತೆ, ಸಿ ರೇಸಿನ ಷರತ್ತುಗಳು, ಡಿ ದೋಣಿಯ ಒಡಲು, ಇ ಕೀಲ್ (ಒಡಲಿನ ಕೆಳಗೆ ನೀರಿಗಿಳಿಯುವ ಭಾರದ ಭಾಗ) ಮತ್ತು ಚುಕ್ಕಾಣಿ, ಎಫ್ ಮಾಸ್ಟ್ (ಹಾಯಿಯ ಕಂಬ) ಮತ್ತು ಬೂಮ್‌ಗಳು (ಹಾಯಿಯ ಕೆಳಅಂಚಿನ ಅಡ್ಡಕೋಲು), ಜಿ ಹಾಯಿ. ಡಿಯಿಂದ ಜಿವರೆಗಿನದು ವಸ್ತುವನ್ನು ಹೇಗೆ ಮಾಡಿರಬೇಕು ಎಂದು ಹೇಳುತ್ತದೆ. ಸಿ ವಿಭಾಗ ಅದನ್ನು ರೇಸಿನ ದಿನ ಹೇಗೆ ಬಳಸಬೇಕು, ಏನನ್ನು ಬದಲಾಯಿಸಬಹುದು, ಏನನ್ನು ಮುಟ್ಟಬಾರದು ಎನ್ನುತ್ತದೆ. ಒಂದನ್ನು ಓದಿ ಇನ್ನೊಂದನ್ನು ಬಿಟ್ಟರೆ ಅರ್ಧ ನಿಯಮ ಓದಿದ ಹಾಗೆ.

ವಿಭಾಗ ಯಾವುದು ಎಂಬುದರ ಮೇಲೆ ಉತ್ತರವೇ ಬದಲಾಗುತ್ತದೆ. ‘ಐಒಎಂನಲ್ಲಿ ಕಾರ್ಬನ್ ಫೈಬರ್ ಬಳಸಬಹುದಾ?’ ಎಂಬ ಪ್ರಶ್ನೆಗೆ ಹೌದು ಅಥವಾ ಇಲ್ಲ ಎಂಬ ಉತ್ತರವೇ ಇಲ್ಲ. ಒಡಲಿಗೆ ಇಲ್ಲ, ಅಲ್ಲಿ ಫೈಬರ್ ಎಂದರೆ ಗ್ಲಾಸ್ ಫೈಬರ್ ಮಾತ್ರ. ಮಾಸ್ಟ್‌ಗೂ ಇಲ್ಲ, ಹೆಚ್ಚಿನವರದು ಅಲ್ಯುಮಿನಿಯಂ ಕೊಳವೆ. ಆದರೆ ಕೀಲ್‌ನ ಫಿನ್‌ಗೆ (ಒಡಲಿನಿಂದ ಕೆಳಗಿಳಿಯುವ ತೆಳು ರೆಕ್ಕೆ), ಚುಕ್ಕಾಣಿಗೆ ಹೌದು. ಖರ್ಚು ಕೈಮೀರದಿರಲಿ ಎಂಬುದು ಈ ಕ್ಲಾಸ್‌ನ ಮೂಲ ಉದ್ದೇಶಗಳಲ್ಲಿ ಒಂದು. ಅದನ್ನು ಮನಸ್ಸಿನಲ್ಲಿಟ್ಟುಕೊಂಡರೆ ಈ ಹಂಚಿಕೆ ಅಷ್ಟೇನೂ ವಿಚಿತ್ರ ಅನಿಸುವುದಿಲ್ಲ. ಆದರೆ ಉದ್ದೇಶವನ್ನೇ ಹಿಡಿದುಕೊಂಡು ಅಕ್ಷರವನ್ನು ದಾಟುವ ಹಾಗಿಲ್ಲ, ಅದು ನೆನಪಿರಲಿ.

ಹಂತ 5: ಸಂಖ್ಯೆಗಳನ್ನು ಒಂದರ ಪಕ್ಕ ಒಂದಿಟ್ಟು ನೋಡಿ

ಐಒಎಂನ ಮುಖ್ಯ ಸಂಖ್ಯೆಗಳು ಇವು. ಒಡಲಿನ ಉದ್ದ 1000 ಮಿ.ಮೀ. ಮೀರಬಾರದು. ದೋಣಿಯ ತೂಕ 4000 ಗ್ರಾಂಗಿಂತ ಕಡಿಮೆ ಆಗಬಾರದು. ಫಿನ್ ಮತ್ತು ಅದರ ತುದಿಯ ಸೀಸದ ಗುಂಡು (ಬಲ್ಬ್) ಸೇರಿ ಕೀಲ್ 2200ರಿಂದ 2500 ಗ್ರಾಂ ಒಳಗೆ. ಚುಕ್ಕಾಣಿ 75 ಗ್ರಾಂ ಒಳಗೆ. ನೀರಿನ ಕೆಳಗಿನ ಆಳ ಹೆಚ್ಚೆಂದರೆ 420 ಮಿ.ಮೀ.

ಬಿಡಿಬಿಡಿಯಾಗಿ ಇವು ಸುಲಭ. ಕಷ್ಟ ಬರುವುದು ಒಂದು ಇನ್ನೊಂದನ್ನು ತಳ್ಳಿದಾಗ. ಹಳೆಯ ಬ್ಯಾಟರಿ ತೆಗೆದು 40 ಗ್ರಾಂ ಹಗುರಾದ ಹೊಸದನ್ನು ಹಾಕಿದಿರಿ ಎನ್ನಿ. ಮೊದಲು ದೋಣಿ 4010 ಗ್ರಾಂ ಇತ್ತು. ಈಗ 3970. ದೋಣಿ ಅಳೆದು ಕೊಟ್ಟ ಪ್ರಮಾಣಪತ್ರ ನಿಮ್ಮ ಕೈಯಲ್ಲೇ ಇದೆ, ಅದರಲ್ಲಿ ಎಲ್ಲ ಸರಿ ಇದೆ. ಆದರೂ ನೀವು ನಿಯಮದ ಹೊರಗೆ. ಪ್ರಮಾಣಪತ್ರ ಅಳೆದ ದಿನದ್ದು. ರೇಸಿಂಗ್ ರೂಲ್ಸ್‌ನ 78ನೇ ನಿಯಮ ಕೇಳುವುದು ಇವತ್ತಿನದನ್ನು. ರೇಸ್ ಮಾಡುತ್ತಿರುವಷ್ಟು ಹೊತ್ತೂ ದೋಣಿ ಕ್ಲಾಸ್ ನಿಯಮಕ್ಕೆ ಸರಿಯಾಗಿರಬೇಕು, ಆ ಹೊಣೆ ಮಾಲೀಕರದು.

ರಿಗ್, ಅಂದರೆ ಮಾಸ್ಟ್, ಬೂಮ್, ಹಾಯಿಗಳ ಜೋಡಣೆ, ಬದಲಿಸಿದಾಗಲೂ ಇದೇ ಕಥೆ. ಐಒಎಂನಲ್ಲಿ ಮೂರು ರಿಗ್‌ಗೆ ಅವಕಾಶವಿದೆ. ಗಾಳಿ ಜಾಸ್ತಿಯಾದಂತೆ ಸಣ್ಣದಕ್ಕೆ ಹೋಗುತ್ತಾರೆ. ಸಣ್ಣ ರಿಗ್ ಸಹಜವಾಗಿಯೇ ಹಗುರ. ದೊಡ್ಡ ರಿಗ್ ಹಾಕಿ ಸರಿಯಾಗಿ 4000ಕ್ಕೆ ತಂದು ಹಿಗ್ಗಿದವರು, ಬಿರುಗಾಳಿಯ ದಿನ ಮೂರನೆಯ ರಿಗ್ ಹಾಕಿದಾಗ ತಕ್ಕಡಿಯಲ್ಲಿ ಸೋಲುತ್ತಾರೆ. ಅದಕ್ಕೇ ಅನುಭವಸ್ಥರು ಸಣ್ಣ ರಿಗ್‌ಗಳಿಗೆ ತೂಕ ಸೇರಿಸಿ ಮೂರನ್ನೂ ಹೆಚ್ಚುಕಡಿಮೆ ಒಂದೇ ತೂಕಕ್ಕೆ ತಂದಿರುತ್ತಾರೆ. ಎಲ್ಲಿ, ಹೇಗೆ ಸೇರಿಸಬೇಕು ಎಂಬುದಕ್ಕೆ ಮತ್ತೆ ಎಫ್ ಮತ್ತು ಸಿ ವಿಭಾಗ ಜತೆಯಾಗಿ ಓದಿ.

ಹಾಗಾದರೆ ಸುಮ್ನೆ 200 ಗ್ರಾಂ ಜಾಸ್ತಿ ಇಟ್ಟುಬಿಟ್ಟರೆ ಆಯ್ತಲ್ವಾ? ತೂಕ ಹೆಚ್ಚಿದರೆ ದೋಣಿ ನೀರಿನಲ್ಲಿ ಇನ್ನಷ್ಟು ಇಳಿಯುತ್ತದೆ. ಆಗ ಆಳ 420 ದಾಟಬಹುದು. ತಕ್ಕಡಿಯಲ್ಲಿ ಗೆದ್ದು, ಆಳ ಅಳೆಯುವ ನೀರಿನ ತೊಟ್ಟಿಯಲ್ಲಿ ಸೋತಿರಿ.

ಹಂತ 6: ಸಂಶಯ ಬಂದರೆ ಕೇಳಿ, ಆದರೆ ಸರಿಯಾದವರನ್ನು

ಪಕ್ಕದಲ್ಲಿ ನಿಂತ ಹಿರಿಯರು ‘ಏನೂ ಆಗಲ್ಲ, ಹಾಕಿಕೊಳ್ಳಿ’ ಎನ್ನಬಹುದು. ಅವರ ಅನುಭವಕ್ಕೆ ಗೌರವ ಕೊಡಿ, ಆದರೆ ಅದು ಅಧಿಕೃತ ಉತ್ತರವಲ್ಲ. ದೋಣಿ ಅಳೆಯುವ ಅಧಿಕಾರಿ, ಅಂದರೆ ಮೆಷರರ್, ಅವರ ಕೆಲಸ ಅಳೆಯುವುದು. ನಿಯಮದ ಅರ್ಥ ತೀರ್ಮಾನಿಸುವ ಅಧಿಕಾರ ಬೇರೆಯವರದು. ಐಒಎಂ, ಮಾರ್ಬಲ್‌ಹೆಡ್, ಟೆನ್ ರೇಟರ್, ಎ ಕ್ಲಾಸ್ ಈ ನಾಲ್ಕರ ನಿಯಮಗಳೂ ಅಂತರರಾಷ್ಟ್ರೀಯ ರೇಡಿಯೊ ಸೇಲಿಂಗ್ ಅಸೋಸಿಯೇಷನ್‌ನ ಸುಪರ್ದಿಯಲ್ಲಿವೆ. ಅರ್ಥದ ಬಗ್ಗೆ ಕೊನೆಯ ಮಾತು ಅಲ್ಲಿಂದ ಬರಬೇಕು. ಮೊದಲು ಹಳೆಯ ಉತ್ತರಗಳಲ್ಲಿ ನಿಮ್ಮ ಪ್ರಶ್ನೆ ಇದೆಯೇ ನೋಡಿ. ಎಷ್ಟೋ ಸಲ ಇರುತ್ತದೆ.

ಇಲ್ಲದಿದ್ದರೆ ಬರೆದು ಕೇಳಿ. ‘ಸರ್, ಕಾರ್ಬನ್ ತಟ್ಟೆ ಓಕೆನಾ?’ ಎಂದು ಕೇಳಿದರೆ ಯಾರೂ ಉತ್ತರ ಕೊಡಲಾರರು. ಹೀಗೆ ಕೇಳಿ: ‘ಒಡಲಿನೊಳಗೆ ಸರ್ವೊ ಕೂರಿಸಲು ಇಷ್ಟು ಉದ್ದ, ಇಷ್ಟು ಅಗಲದ ಕಾರ್ಬನ್ ತಟ್ಟೆ ಇದೆ. ಅದನ್ನು ಎರಡೂ ಪಕ್ಕದ ಗೋಡೆಗೆ ಅಂಟಿಸಿದ್ದೇನೆ. ಚಿತ್ರ ಜತೆಗಿದೆ. ಡಿ ವಿಭಾಗದ ಈ ನಿಯಮದಡಿ ಇದು ಒಡಲಿನ ಭಾಗವೇ? ಅಥವಾ ಸಿ ವಿಭಾಗದ ಈ ನಿಯಮದಡಿ ಇದು ಫಿಟ್ಟಿಂಗ್ ಆಗುತ್ತದೆಯೇ?’ ನಿಯಮದ ಸಂಖ್ಯೆ, ಪುಸ್ತಕದ ಆವೃತ್ತಿ, ಅಳತೆ, ಚಿತ್ರ ಇಷ್ಟೂ ಇರಲಿ. ನಿಮಗೆ ಯಾವ ಉತ್ತರ ಬೇಕು ಎಂಬ ವಾದ ಬೇಡ. ಪ್ರಶ್ನೆ ಇಂಗ್ಲಿಷಿನಲ್ಲೇ ಬರೆಯಿರಿ. ಐಒಎಂನ ಅಧಿಕೃತ ಭಾಷೆ ಇಂಗ್ಲಿಷ್, ಅನುವಾದದ ಬಗ್ಗೆ ಜಗಳ ಬಂದರೆ ಗೆಲ್ಲುವುದು ಇಂಗ್ಲಿಷ್ ಪಠ್ಯವೇ.

ಹೊಸ ತಂತ್ರಜ್ಞಾನ ಬಂದಾಗಲಂತೂ ಊಹೆ ಬೇಡವೇ ಬೇಡ. ಹಿಂದೆ ರಿಮೋಟ್ ದೋಣಿಗೆ ಹೇಳುತ್ತಿತ್ತು, ದೋಣಿ ಕೇಳುತ್ತಿತ್ತು. ಈಗಿನ 2.4 ಗಿಗಾಹರ್ಟ್ಸ್ ಸೆಟ್‌ಗಳಲ್ಲಿ ದೋಣಿಯೂ ದಡಕ್ಕೆ ತಿರುಗಿ ಮಾಹಿತಿ ಕಳಿಸಬಲ್ಲದು. ದೋಣಿಯಿಂದ ಏನನ್ನು ಕಳಿಸಬಹುದು ಎಂಬುದಕ್ಕೆ ಕ್ಲಾಸ್ ನಿಯಮದಲ್ಲಿ ಮಿತಿ ಇದೆ. ಸೆಟ್ ಕೊಳ್ಳುವ ಮೊದಲು ಈಗ ಜಾರಿಯಲ್ಲಿರುವ ಪ್ರತಿಯಲ್ಲಿ ಅದೇ ಸಾಲು ಹುಡುಕಿ ಓದಿ. ಅಂಗಡಿಯವರ ಮಾತು ನಂಬಬೇಡಿ.

ಹಂತ 7: ಪ್ರೊಟೆಸ್ಟ್ ಬಂದರೆ

ಯಾರೋ ನಿಮ್ಮ ದೋಣಿಯ ಮೇಲೆ ದೂರು ಕೊಟ್ಟರು ಎನ್ನಿ. ಗಾಬರಿ ಬೇಡ. ದೂರು ವಿಚಾರಿಸುವ ಪ್ರೊಟೆಸ್ಟ್ ಕಮಿಟಿ ಮೊದಲು ನೋಡುವುದು ಅಳತೆ ನಿಜಕ್ಕೂ ತಪ್ಪಿದೆಯೇ ಎಂದು. ಪೆಟ್ಟು ಬಿದ್ದು ಅಥವಾ ಸವೆದು ಹಾಗಾಗಿದ್ದರೆ, ಅದರಿಂದ ದೋಣಿಗೆ ಲಾಭ ಆಗಿಲ್ಲದಿದ್ದರೆ, ಶಿಕ್ಷೆ ಇಲ್ಲ. ಆದರೆ ಸರಿಪಡಿಸುವವರೆಗೆ ಮತ್ತೆ ನೀರಿಗಿಳಿಯುವ ಹಾಗಿಲ್ಲ, ಸರಿಪಡಿಸಲು ಸಮಯವೇ ಸಿಗಲಿಲ್ಲ ಎಂದು ಕಮಿಟಿ ಒಪ್ಪಿದರೆ ಮಾತು ಬೇರೆ. ನಿಯಮದ ಅರ್ಥವೇ ಕಮಿಟಿಗೆ ಗೊಂದಲವಾದರೆ, ಅದು ತಾನೇ ಅರ್ಥ ಹೇಳುವಂತಿಲ್ಲ. ಅಧಿಕಾರ ಇರುವವರಿಗೆ ಪ್ರಶ್ನೆ ಕಳಿಸಬೇಕು, ಬಂದ ಉತ್ತರಕ್ಕೆ ಬದ್ಧವಾಗಿರಬೇಕು.

ಹಾಗಾಗಿ ದೋಣಿಯ ಪೆಟ್ಟಿಗೆಯಲ್ಲಿ ನಾಲ್ಕು ಕಾಗದ ಇಟ್ಟುಕೊಳ್ಳಿ: ಪ್ರಮಾಣಪತ್ರ, ಜಾರಿಯಲ್ಲಿರುವ ಕ್ಲಾಸ್ ರೂಲ್ಸ್‌ನ ಪ್ರತಿ, ನೀವು ಕೇಳಿದ ಪ್ರಶ್ನೆಗೆ ಬಂದ ಉತ್ತರ, ಮತ್ತೆ ಮೂರೂ ರಿಗ್ ಹಾಕಿ ತೂಗಿದ ಲೆಕ್ಕ. ಮೊಬೈಲಿನಲ್ಲೂ ಇರಲಿ, ಆದರೆ ಕೆರೆಯ ದಡದಲ್ಲಿ ಒದ್ದೆ ಕೈಯಲ್ಲಿ ಪರದೆ ಉಜ್ಜುತ್ತಾ ಕೂರುವುದಕ್ಕಿಂತ ಪ್ಲಾಸ್ಟಿಕ್ ಕವರಿನಲ್ಲಿಟ್ಟ ಪ್ರಿಂಟ್ ವಾಸಿ.