ಮೂಳೆ ಮುರಿದ ಮೇಲೆ ಕಾಲು ಊದಿದರೆ: ಶುಗರ್ ಇರುವ ಹಿರಿಯರ ಆರೈಕೆ ಹೇಗೆ?

ಪ್ಲಾಸ್ಟರ್ ಬಿಚ್ಚಿಸಿಕೊಂಡು ಬಂದ ದಿನ ನಮ್ಮ ಅತ್ತೆ ತುಂಬಾ ಖುಷಿಯಲ್ಲಿದ್ದರು. ಬಚ್ಚಲಲ್ಲಿ ಜಾರಿ ಬಿದ್ದು ಪಾದದ ಗಿಣ್ಣಿನ ಮೂಳೆ ಮುರಿದಿತ್ತು. ಆರು ವಾರ ಹೆಚ್ಚುಕಡಿಮೆ ಮಂಚದ ಮೇಲೇ ಕಳೆದಿದ್ದರು. ಆದರೆ ಸಂಜೆ ದೀಪ ಹಚ್ಚುವ ಹೊತ್ತಿಗೆ ಆ ಕಾಲು ಪೂರಿಯ ಹಾಗೆ ಉಬ್ಬಿತ್ತು. ಕಾಲುಂಗುರ ಬೆರಳಿನೊಳಗೆ ಹೂತುಹೋಗಿತ್ತು. ‘ನೋಯ್ತಾ ಇದೆಯಾ ಅತ್ತೆ?’ ಎಂದು ಕೇಳಿದೆ. ‘ಏನೂ ಇಲ್ಲ ಬಿಡಮ್ಮ, ಸ್ವಲ್ಪ ಬಾತಿದೆ ಅಷ್ಟೆ’ ಎಂದರು. ಸೋಪು ಹಚ್ಚಿ ಮೆಲ್ಲಗೆ ಉಂಗುರ ಬಿಡಿಸಿದರೆ ಅದರ ಕೆಳಗೆ ಚರ್ಮ ಕಿತ್ತು ಹಸಿ ಗಾಯ ಆಗಿತ್ತು.

ಅವರು ಸುಳ್ಳು ಹೇಳಿರಲಿಲ್ಲ. ಇಪ್ಪತ್ತು ವರ್ಷದ ಸಕ್ಕರೆ ಕಾಯಿಲೆಯಿಂದ ಪಾದದ ನರಗಳು ಮರಗಟ್ಟಿವೆ. ನೋವು ಗೊತ್ತೇ ಆಗುವುದಿಲ್ಲ. ಅದಕ್ಕೇ ಇಂಥವರ ಕಾಲಿನ ವಿಷಯದಲ್ಲಿ ‘ನೋವಿದೆಯಾ’ ಎಂದು ಕೇಳಿ ಸುಮ್ಮನಾದರೆ ಸಾಲದು. ದಿನಾ ಕಣ್ಣಿಂದ ನೋಡಬೇಕು, ಕೈಯಿಂದ ಮುಟ್ಟಬೇಕು, ಟೇಪು ಹಿಡಿದು ಅಳೆಯಬೇಕು.

ಊತ ಬರುವುದೇ ಆಶ್ಚರ್ಯವಲ್ಲ. ನಡೆಯುವಾಗ ಮೀನಖಂಡದ ಸ್ನಾಯು ಹಿಂಡಿ ಹಿಂಡಿ ರಕ್ತವನ್ನು ಮೇಲಕ್ಕೆ ತಳ್ಳುತ್ತದೆ. ಪ್ಲಾಸ್ಟರ್‌ನಲ್ಲಿ ಅದು ವಾರಗಟ್ಟಲೆ ಕೆಲಸ ಬಿಟ್ಟಿರುತ್ತದೆ, ಸೊರಗಿರುತ್ತದೆ. ಕಾಲು ಇಳಿಬಿಟ್ಟರೆ ನೀರೆಲ್ಲ ಕೆಳಗೇ ನಿಲ್ಲುತ್ತದೆ. ಬೆಳಿಗ್ಗೆ ಕಡಿಮೆ, ಸಂಜೆ ಜಾಸ್ತಿ. ಹೀಗೆ ಮೂರರಿಂದ ಆರು ತಿಂಗಳು ಇರುವುದು ಮಾಮೂಲು.

<b>ಮೊದಲು: ಇದು ಮಾಮೂಲಿ ಊತವೇ?</b>

ಮೀನಖಂಡ ಇದ್ದಕ್ಕಿದ್ದಂತೆ ಊದಿ, ಬಿಗಿಯಾಗಿ, ಬಿಸಿಯಾಗಿ, ಮುಟ್ಟಿದರೆ ನೋಯುವಂತಿದ್ದರೆ ಒಳಗಿನ ರಕ್ತನಾಳದಲ್ಲಿ ಹೆಪ್ಪುಗಟ್ಟಿರಬಹುದು. ಅವತ್ತೇ ಆಸ್ಪತ್ರೆಗೆ ಹೋಗಿ. ಆ ಹೆಪ್ಪು ಶ್ವಾಸಕೋಶಕ್ಕೆ ಹೋದರೆ ಉಸಿರು ಕಟ್ಟುತ್ತದೆ, ಎದೆ ನೋಯುತ್ತದೆ. ಹಾಗಾದರೆ ಒಂದು ನಿಮಿಷವೂ ಕಾಯದೆ 108ಕ್ಕೆ ಫೋನ್ ಮಾಡಿ.

ಚರ್ಮ ಕೆಂಪಾಗಿ ಹರಡುತ್ತಿದೆ, ಜ್ವರ ಇದೆ, ಶುಗರ್ ಕಾರಣವಿಲ್ಲದೆ ಏರಿದೆ ಎಂದರೆ ಸೋಂಕು ತಗುಲಿರಬಹುದು. ಕಾಲು ಇನ್ನೂ ಪ್ಲಾಸ್ಟರ್‌ನಲ್ಲೇ ಇದ್ದು ಬೆರಳುಗಳು ತಣ್ಣಗಾಗಿ, ನೀಲಿಯಾಗಿ, ಅಲ್ಲಾಡಿಸಲು ಬಾರದಿದ್ದರೆ ಪ್ಲಾಸ್ಟರ್ ಬಿಗಿಯಾಗಿದೆ. ರಾತ್ರಿಯಾದರೂ ಸರಿ, ಹೋಗಿ ಸಡಿಲ ಮಾಡಿಸಿ.

ಇನ್ನೊಂದು ತೊಂದರೆ ಬಹಳ ಮನೆಗಳಿಗೆ ಗೊತ್ತೇ ಇಲ್ಲ. ಪಾದ ಕೆಂಪಾಗಿ, ಬಿಸಿಯಾಗಿ ಊದಿರುತ್ತದೆ. ಆದರೆ ಗಾಯವಿಲ್ಲ, ಜ್ವರವಿಲ್ಲ, ನೋವೂ ಅಷ್ಟಾಗಿ ಇಲ್ಲ. ಇದನ್ನು ಶಾರ್ಕೊ ಪಾದ ಎನ್ನುತ್ತಾರೆ. ಜೋಮು ಹಿಡಿದ ಪಾದದ ಒಳಗೆ ಸಣ್ಣ ಮೂಳೆಗಳು ಸದ್ದಿಲ್ಲದೆ ಮುರಿಯುತ್ತಾ, ಕೀಲುಗಳು ಜರುಗುತ್ತಾ ಹೋಗುತ್ತವೆ. ಅದರ ಮೇಲೆ ನಡೆದರೆ ಪಾದದ ಕಮಾನೇ ಕುಸಿಯುತ್ತದೆ. ಎರಡೂ ಪಾದದ ಮೇಲೆ ಅಂಗೈ ಇಟ್ಟು ನೋಡಿ. ಒಂದು ಸ್ಪಷ್ಟವಾಗಿ ಬಿಸಿ ಇದ್ದರೆ ನೆಲಕ್ಕೆ ಕಾಲು ಊರಿಸಬೇಡಿ, ವೈದ್ಯರಿಗೆ ತೋರಿಸಿ.

ಎರಡೂ ಕಾಲು ಒಂದೇ ಸಮ ಊದಿದ್ದರೆ ಅದನ್ನು ಮುರಿದ ಮೂಳೆಯ ತಲೆಗೆ ಕಟ್ಟಬೇಡಿ. ಹೃದಯ, ಕಿಡ್ನಿ, ಲಿವರ್ ಪರೀಕ್ಷೆ ಆಗಬೇಕು. ಮಾತ್ರೆಗಳ ಡಬ್ಬಿಯನ್ನೂ ಜೊತೆಗೆ ಒಯ್ಯಿರಿ. ಬಿಪಿಯ ಆಮ್ಲೋಡಿಪಿನ್, ಶುಗರ್‌ನ ಪಯೋಗ್ಲಿಟಜೋನ್, ನರದ ಉರಿಗೆ ಕೊಡುವ ಪ್ರಿಗಾಬಾಲಿನ್, ಡೈಕ್ಲೊಫಿನಾಕ್‌ನಂಥ ನೋವಿನ ಮಾತ್ರೆ ಇವೆಲ್ಲ ಕಾಲು ಊದಿಸಬಲ್ಲವು. ವೈದ್ಯರು ಬರೆದ ಮಾತ್ರೆಯನ್ನು ನೀವಾಗಿ ನಿಲ್ಲಿಸಬೇಡಿ, ಕೇಳಿ. ಆದರೆ ಅಂಗಡಿಯಿಂದ ತಾವೇ ತಂದು ನುಂಗುವ ನೋವಿನ ಮಾತ್ರೆ ಮಾತ್ರ ಬೇಡವೇ ಬೇಡ. ಕಿಡ್ನಿಗೂ ಅದು ಒಳ್ಳೆಯದಲ್ಲ.

<b>ಅಳತೆ ಬರೆದಿಡಿ</b>

ಬಟ್ಟೆ ಹೊಲಿಯುವ ಟೇಪು ಸಾಕು. ಮೊಣಕಾಲ ಚಿಪ್ಪಿನ ಕೆಳಗೆ ಕೈಗೆ ಸಿಗುವ ಮೂಳೆಯ ಉಬ್ಬಿನಿಂದ 10 ಸೆಂ.ಮೀ. ಕೆಳಗೆ ಪೆನ್ನಿನಲ್ಲಿ ಗುರುತು ಹಾಕಿ, ಎರಡೂ ಕಾಲಿನ ಸುತ್ತಳತೆ ತೆಗೆಯಿರಿ. ಗಿಣ್ಣಿನ ಹತ್ತಿರ ಇನ್ನೊಂದು ಅಳತೆ. ದಿನಾ ಬೆಳಿಗ್ಗೆ, ಹಾಸಿಗೆಯಿಂದ ಏಳುವ ಮುಂಚೆ. ನಮ್ಮನೆಯಲ್ಲಿ ಹಾಲಿನ ಲೆಕ್ಕ ಬರೆಯುವ ಕ್ಯಾಲೆಂಡರ್‌ನಲ್ಲೇ ಬರೆಯುತ್ತೇವೆ. ಮುರಿದ ಕಾಲಿನ ಮೀನಖಂಡ ಇನ್ನೊಂದಕ್ಕಿಂತ 3 ಸೆಂ.ಮೀ.ಗಿಂತ ಜಾಸ್ತಿ ದಪ್ಪ ಇದ್ದರೆ ಹೆಪ್ಪಿನ ಅನುಮಾನ ಬರಬೇಕು. ಸೊರಗಿರಬೇಕಾದ ಕಾಲು ದಪ್ಪಗಾಗಿದೆ ಎಂದರೆ ಸುಮ್ನೆ ಅಲ್ಲ, ಅಲ್ವಾ?

<b>ಎತ್ತರಿಸುವುದು: ಎಲ್ಲರೂ ಮಾಡುತ್ತಾರೆ, ತಪ್ಪಾಗಿ</b>

ಟಿವಿ ಮುಂದೆ ಕುರ್ಚಿಯಲ್ಲಿ ಕೂತು ಕಾಲನ್ನು ಸ್ಟೂಲ್ ಮೇಲೆ ಇಟ್ಟರೆ ಎತ್ತರಿಸಿದಂತಲ್ಲ. ಪಾದ ಎದೆಯ ಮಟ್ಟಕ್ಕಿಂತ ಮೇಲೆ ಬರಬೇಕು. ಮಲಗಿಸಿ, ಮೊಣಕಾಲಿಂದ ಕೆಳಗೆ ಮೀನಖಂಡದ ಉದ್ದಕ್ಕೂ ಎರಡು ದಿಂಬು ಅಥವಾ ಮಡಚಿದ ಕೌದಿ ಕೊಡಿ. ಹಿಮ್ಮಡಿ ದಿಂಬಿನಿಂದ ಆಚೆ, ಗಾಳಿಯಲ್ಲಿ ಇರಬೇಕು. ಬೆಡ್‌ಶೀಟಿನ ಅಂಚು ಹಿಮ್ಮಡಿ ಕೆಳಗೆ ಸಲೀಸಾಗಿ ಹಾದುಹೋದರೆ ಸರಿಯಾಗಿದೆ ಎಂದು ಅರ್ಥ. ಜೋಮು ಹಿಡಿದ ಹಿಮ್ಮಡಿ ಗಂಟೆಗಟ್ಟಲೆ ಒತ್ತಿಕೊಂಡರೆ ಹುಣ್ಣಾಗುತ್ತದೆ. ಶುಗರ್ ಇರುವವರಲ್ಲಿ ಆ ಹುಣ್ಣು ಮೂಳೆಗಿಂತ ದೊಡ್ಡ ಕಷ್ಟ ಕೊಡುತ್ತದೆ.

ಒಂದು ಸಲಕ್ಕೆ 20-30 ನಿಮಿಷ, ದಿನಕ್ಕೆ ಮೂರು ನಾಲ್ಕು ಸಲ. ಎತ್ತಿದಾಗ ಪಾದ ಬಿಳಿಚಿಕೊಂಡರೆ ಅಥವಾ ನೋವು ಶುರುವಾದರೆ ಇಳಿಸಿ, ವೈದ್ಯರಿಗೆ ಹೇಳಿ. ರಕ್ತ ಕೆಳಗಿಳಿಯುವ ನಾಳ ಕಿರಿದಾಗಿರಬಹುದು. ಅಂಗಾತ ಮಲಗಿದರೆ ಉಸಿರು ಕಟ್ಟುತ್ತದೆ ಎಂದರೂ ಕಾಲು ಇಳಿಸಿ, ವೈದ್ಯರಿಗೆ ಹೇಳಿ.

<b>ಅಲ್ಲಾಡಿಸುವುದು</b>

ಪ್ಲಾಸ್ಟರ್ ಇದ್ದರೆ ಬೆರಳು ಮಡಚಿ ಬಿಡಿಸಲಿ. ಬಿಚ್ಚಿದ ಮೇಲೆ, ವೈದ್ಯರು ಒಪ್ಪಿದ ನಂತರ, ಪಾದವನ್ನು ತಮ್ಮ ಕಡೆಗೆ ಎಳೆದು, ಆಚೆಗೆ ಚಾಚಲಿ. ಎಚ್ಚರ ಇರುವಷ್ಟು ಹೊತ್ತು ಗಂಟೆಗೊಮ್ಮೆ ಹತ್ತು ಸಲ. ಧಾರಾವಾಹಿಯ ಜಾಹೀರಾತು ಬಂದಾಗಲೆಲ್ಲ ಮಾಡಿ ಅಂದರೆ ನೆನಪಿಡುತ್ತಾರೆ. ಯಾವಾಗ, ಎಷ್ಟು ಭಾರ ಹಾಕಿ ನಡೆಯಬೇಕು ಎನ್ನುವುದನ್ನು ಮೂಳೆ ವೈದ್ಯರೇ ಹೇಳಬೇಕು. ಶುಗರ್ ಇದ್ದರೆ ಮೂಳೆ ಕೂಡುವುದು ನಿಧಾನ.

<b>ಪಟ್ಟಿ, ಎಣ್ಣೆ, ಕಾವು</b>

ಮನೆಗೆ ಬಂದವರೆಲ್ಲ ಒಂದೊಂದು ಹೇಳುತ್ತಾರೆ. ಎಳ್ಳೆಣ್ಣೆ ಹಾಕಿ ನೀವಿ, ಬಿಸಿನೀರಿನ ಕಾವು ಕೊಡಿ, ನಾಟಿ ಕಟ್ಟು ಕಟ್ಟಿಸಿ. ಪ್ರೀತಿಯಿಂದಲೇ ಹೇಳುತ್ತಾರೆ. ಆದರೂ ದಯವಿಟ್ಟು ಬೇಡ. ಹೆಪ್ಪು ಇರುವ ಕಾಲನ್ನು ನೀವಿದರೆ ಅದು ಕಳಚಿ ಶ್ವಾಸಕೋಶಕ್ಕೆ ಹೋಗಬಹುದು. ಜೋಮು ಪಾದಕ್ಕೆ ಬಿಸಿನೀರು ಸುಟ್ಟರೂ ಗೊತ್ತಾಗದು. ಐಸ್ ಕೂಡ ಹಾಗೇ. ಬಿಗಿಯಾದ ಕಟ್ಟು ರಕ್ತವನ್ನೇ ನಿಲ್ಲಿಸಿಬಿಡಬಹುದು.

ಕ್ರೇಪ್ ಬ್ಯಾಂಡೇಜ್ ಮತ್ತು ಬಿಗಿ ಸಾಕ್ಸ್‌ಗೂ ಅದೇ ಎಚ್ಚರ. ಶುಗರ್ ಇರುವವರ ಕಾಲಿನ ರಕ್ತನಾಳ ಮೊದಲೇ ಕಿರಿದಾಗಿರುವುದುಂಟು. ಕಾಲಿನ ರಕ್ತ ಹರಿವನ್ನು ಪರೀಕ್ಷೆ ಮಾಡಿಸಿ, ವೈದ್ಯರು ಹೇಳಿದರೆ ಮಾತ್ರ ಹಾಕಿ. ಬೆರಳ ಬುಡದಿಂದ ಶುರು ಮಾಡಿ, ಹಿಂದಿನ ಸುತ್ತಿನ ಅರ್ಧ ಮುಚ್ಚುವಂತೆ ಮೇಲಕ್ಕೆ ಸುತ್ತಿ. ಗಿಣ್ಣಿನಿಂದ ಶುರು ಮಾಡಿದರೆ ಪಾದವೇ ಊದುತ್ತದೆ. ಸುತ್ತಿದ ಹತ್ತು ನಿಮಿಷಕ್ಕೆ ಬೆರಳ ಬಣ್ಣ ನೋಡಿ. ರಾತ್ರಿ ಬಿಚ್ಚಿಡಿ.

ಬಿದ್ದು ಪೆಟ್ಟಾದ ದಿನವೇ ಕಾಲುಂಗುರ, ಗೆಜ್ಜೆ ತೆಗೆಯಿರಿ. ಮುತ್ತೈದೆಯರಿಗೆ ಮನಸ್ಸು ಒಪ್ಪದಿದ್ದರೆ ಸಮಾಧಾನವಾಗಿ ಹೇಳಿ, ದೇವರ ಮನೆಯಲ್ಲಿ ಇಡಿ.

<b>ಊಟ</b>

ದಿನಕ್ಕೆ ಉಪ್ಪು 5 ಗ್ರಾಂ ದಾಟದಿರಲಿ, ಅಂದರೆ ಒಂದು ಟೀ ಚಮಚ. ಉಪ್ಪಿನಕಾಯಿ, ಹಪ್ಪಳ, ಸಂಡಿಗೆ ಬಿಟ್ಟರೆ ಅರ್ಧ ಕೆಲಸ ಆಯಿತು. ಸೋಡಿಯಂ ಕಡಿಮೆ ಇರುವ ಉಪ್ಪಿನಲ್ಲಿ ಪೊಟ್ಯಾಶಿಯಂ ಇರುತ್ತದೆ, ಕಿಡ್ನಿ ತೊಂದರೆ ಇದ್ದವರಿಗೆ ಅಪಾಯ. ಬೇಳೆ, ಮೊಸರು, ಮೊಟ್ಟೆ ಚೆನ್ನಾಗಿ ಕೊಡಿ. ಕಿಡ್ನಿ ವೀಕ್ ಇದ್ದರೆ ಎಷ್ಟು ಎಂದು ಕೇಳಿ ಕೊಡಿ.

<b>ರಾತ್ರಿ ಮಲಗುವ ಮುಂಚೆ</b>

ಉಗುರುಬೆಚ್ಚಗಿನ ನೀರಲ್ಲಿ ಪಾದ ತೊಳೆಯಿರಿ. ಬಿಸಿಯನ್ನು ನಿಮ್ಮ ಮೊಣಕೈಯಿಂದ ನೋಡಿ, ಅವರ ಕಾಲಿಂದಲ್ಲ. ಬೆರಳ ಸಂದಿ ಒರೆಸಿ ಒಣಗಿಸಿ. ಕೊಬ್ಬರಿ ಎಣ್ಣೆಯನ್ನು ತೆಳ್ಳಗೆ ಸವರಿ, ಸಂದಿಗೆ ಮಾತ್ರ ಬೇಡ. ಅಂಗಾಲಿಗೆ ಮೊಬೈಲ್ ಟಾರ್ಚ್ ಹಾಕಿ ನೋಡಿ: ಗುಳ್ಳೆ, ಬಿರುಕು, ಕಪ್ಪು ಮಚ್ಚೆ ಏನಾದರೂ ಇದೆಯಾ?

ನಡೆಯಲು ಶುರು ಮಾಡಿದಾಗ ಮನೆಯೊಳಗೂ ಬರಿಗಾಲು ಬೇಡ. ವೆಲ್ಕ್ರೋ ಪಟ್ಟಿಯ ಎಂಸಿಆರ್ (ಮೆತ್ತನೆಯ ರಬ್ಬರಿನ) ಚಪ್ಪಲಿ ತನ್ನಿ. ಅಳತೆ ಕೊಡುವುದು ಸಂಜೆ, ಕಾಲು ಊದಿರುವ ಹೊತ್ತಿನಲ್ಲೇ ಆಗಲಿ. ಹಾಕುವ ಮುಂಚೆ ಪ್ರತಿ ಸಲ ಚಪ್ಪಲಿಯೊಳಗೆ ನೀವು ಕೈ ಆಡಿಸಿ ನೋಡಿ. ಅಲ್ಲಿ ಒಂದು ಹುಣಸೆ ಬೀಜ ಇದ್ದರೂ ಅವರಿಗೆ ಗೊತ್ತಾಗುವುದಿಲ್ಲ.