ಸಂತೃಪ್ತಿಯನ್ನು ಕಲಿಯುವ ಬಗೆ: ಬೇಡಿಯಲ್ಲಿದ್ದವನು ಬರೆದ ಪತ್ರಿಕೆಯಿಂದ

ಎಲ್ಲ ಸ್ಥಿತಿಗಳಲ್ಲಿಯೂ ಸಂತೃಪ್ತರಾಗಿರಲು ಬಯಸುವವರು ಮೊದಲು ಬೈಬಲಿನಲ್ಲಿ, ಅಪೊಸ್ತಲನಾದ ಪೌಲನು ಸೆರೆಯಲ್ಲಿದ್ದುಕೊಂಡು ಫಿಲಿಪ್ಪಿ ಎಂಬ ಊರಿನ ಕ್ರೈಸ್ತ ಸಭೆಯವರಿಗೆ ಬರೆದ ಪತ್ರಿಕೆಯ, ಅಂದರೆ ಪತ್ರದ, 4ನೆಯ ಅಧ್ಯಾಯವನ್ನು ತೆರೆದು, 10ರಿಂದ 20ರವರೆಗಿನ ವಚನಗಳನ್ನು ಒಟ್ಟಿಗೆ, ನಿಧಾನವಾಗಿ ಓದಬೇಕು. 13ನೆಯ ವಚನವೊಂದನ್ನೇ ಬಿಡಿಸಿಕೊಂಡು ಗೋಡೆಗೆ ತೂಗುಹಾಕುವ ರೂಢಿ ನಮ್ಮ ಮನೆಗಳಲ್ಲಿದೆ. ಹಾಗೆ ಓದಿದಾಗ, ಬಲಪಡಿಸುವಾತನಲ್ಲಿದ್ದುಕೊಂಡು ಎಲ್ಲಕ್ಕೂ ಶಕ್ತನೆಂಬ ಆ ಮಾತು ಪರೀಕ್ಷೆಯಲ್ಲಿಯೋ ವ್ಯಾಪಾರದಲ್ಲಿಯೋ ಗೆಲ್ಲಿಸುವ ಭರವಸೆಯಂತೆ ಕೇಳಿಸುತ್ತದೆ. ಅದರ ಹಿಂದಿನ ವಚನದಲ್ಲಿರುವುದಾದರೋ ಹಸಿವು ಮತ್ತು ತೃಪ್ತಿ, ಕೊರತೆ ಮತ್ತು ಸಮೃದ್ಧಿ. ಉಂಡ ದಿನವನ್ನೂ ಉಪವಾಸದ ದಿನವನ್ನೂ ಕ್ರಿಸ್ತನ ಬಲದಿಂದ ದಾಟಬಲ್ಲೆನೆಂದು ಬೇಡಿಯಲ್ಲಿದ್ದ ಮನುಷ್ಯನೊಬ್ಬನು ಹೇಳುತ್ತಿದ್ದಾನೆ.

ಅಲ್ಲಿ ಗಮನಿಸಬೇಕಾದ ಇನ್ನೊಂದು ಮಾತು, ಸಂತುಷ್ಟನಾಗಿರುವುದನ್ನು ತಾನು ಕಲಿತುಕೊಂಡೆನೆಂದು ಪೌಲನು ಹೇಳುವುದು. ಅದು ಅವನಿಗೆ ಹುಟ್ಟಿನಿಂದ ಬಂದ ಸ್ವಭಾವವಲ್ಲ. ಐದು ಸಲ 39 ಏಟುಗಳು, ಮೂರು ಸಲ ಕೋಲುಗಳ ಹೊಡೆತ, ಮೂರು ಸಲ ಹಡಗು ಒಡೆದ ಸಂಕಟ ಎಂದು ಕೊರಿಂಥದವರಿಗೆ ಬರೆದ ಎರಡನೆಯ ಪತ್ರಿಕೆಯಲ್ಲಿ ಅವನೇ ಲೆಕ್ಕ ಕೊಡುತ್ತಾನೆ. ಅವನ ಪಾಠಗಳು ಇಂಥವು. ಆದುದರಿಂದ ಇಂದು ಮನಸ್ಸಿಗೆ ನೆಮ್ಮದಿಯಿಲ್ಲವೆಂಬ ಕಾರಣಕ್ಕೆ ತಮ್ಮ ವಿಶ್ವಾಸವೇ ಸುಳ್ಳೆಂದು ಯಾರೂ ತಿಳಿಯಬೇಕಾಗಿಲ್ಲ. ಕಲಿಕೆ ಇನ್ನೂ ನಡೆಯುತ್ತಿದೆ, ಅಷ್ಟೇ.

ಈ ಕಲಿಕೆ ಕೊರತೆಯನ್ನು ಮುಚ್ಚಿಡುವುದರಿಂದ ಆರಂಭವಾಗುವುದಿಲ್ಲ. 13ನೆಯ ಕೀರ್ತನೆಯಲ್ಲಿ ಭಕ್ತನು ‘ಎಲ್ಲಿಯವರೆಗೆ’ ಎಂದು ದೇವರನ್ನು ಮತ್ತೆ ಮತ್ತೆ ಕೇಳಿದ ಮೇಲೆಯೇ ಹಾಡುವ ಮಾತಿಗೆ ಬರುತ್ತಾನೆ. ಹಾಗೆಯೇ ಸಾಲವಿದ್ದರೆ ಸಾಲವೆಂದು, ಮಗನ ಮೇಲೆ ಸಿಟ್ಟಿದ್ದರೆ ಸಿಟ್ಟೆಂದು, ರೋಗದ ಭಯವಿದ್ದರೆ ಭಯವೆಂದು ಹೆಸರಿಟ್ಟು ಪ್ರಾರ್ಥಿಸಿರಿ. ಆ ಬಿನ್ನಹದ ಜೊತೆಗೆ ಕೃತಜ್ಞತೆಯನ್ನೂ ಸೇರಿಸಬೇಕೆಂದು ಫಿಲಿಪ್ಪಿಯವರ ಪತ್ರಿಕೆಯ ಅದೇ 4ನೆಯ ಅಧ್ಯಾಯದ 6ನೆಯ ವಚನ ಹೇಳುತ್ತದೆ. ಕರಾವಳಿಯ ಕ್ಯಾಥೋಲಿಕ್ ಮನೆಗಳಲ್ಲಿ ಸೆಪ್ಟೆಂಬರ್ 8ರಂದು ಹೊಸ ತೆನೆಯ ಮೊಂತಿ ಹಬ್ಬದಲ್ಲಿ ಆಶೀರ್ವದಿಸಿದ ತೆನೆಯ ಕೆಲವೇ ಕಾಳುಗಳನ್ನು ಹಾಲಿನಲ್ಲಿಯೋ ಪಾಯಸದಲ್ಲಿಯೋ ಬೆರೆಸಿ ಮನೆಮಂದಿಯೆಲ್ಲ ಹಂಚಿಕೊಳ್ಳುತ್ತಾರಲ್ಲ, ಕೃತಜ್ಞತೆಗೆ ಅಷ್ಟು ಕಾಳು ಸಾಕು. ದಿನಕ್ಕೊಂದು ಉಪಕಾರವನ್ನು ನಿರ್ದಿಷ್ಟವಾಗಿ ನೆನೆದು ಬಾಯಿಬಿಟ್ಟು ಹೇಳುವುದು ಒಳ್ಳೆಯ ಅಭ್ಯಾಸ. ಹೀಗೆ ಬೇಡಿಕೊಂಡವರಿಗೆ 7ನೆಯ ವಚನ ವಾಗ್ದಾನ ಮಾಡುವುದು ಹೃದಯವನ್ನು ಕಾಯುವ ಶಾಂತಿಯನ್ನೇ ಹೊರತು ಕೇಳಿದ ವಸ್ತುವನ್ನಲ್ಲ. ತನ್ನ ಶರೀರದಲ್ಲಿ ನಾಟಿದ ಮುಳ್ಳೆಂದು ತಾನೇ ಕರೆದ ಬಾಧೆಯೊಂದು ತೊಲಗಲೆಂದು ಪೌಲನು ಮೂರು ಸಲ ಬೇಡಿದನು. ಮುಳ್ಳು ಉಳಿಯಿತು, ಕೃಪೆಯೇ ಸಾಕೆಂಬ ಉತ್ತರ ಬಂದಿತು. ಈ ಉತ್ತರವನ್ನು ಒಪ್ಪಿಕೊಳ್ಳಲು ವರ್ಷಗಳೇ ಹಿಡಿಯಬಹುದು; ಇನ್ನೊಬ್ಬರು ಅವಸರಪಡಿಸುವುದು ಸರಿಯಲ್ಲ.

ನಾಳಿನ ಹೊರೆಯನ್ನು ಇಂದೇ ಎತ್ತಿಕೊಳ್ಳದಿರುವುದು ಮುಂದಿನ ಅಭ್ಯಾಸ. ಅರಣ್ಯದಲ್ಲಿ ಇಸ್ರಾಯೇಲರಿಗೆ ದೇವರು ಕೊಟ್ಟ ಮನ್ನವೆಂಬ ಆಹಾರವು ಆಯಾ ದಿನಕ್ಕೆ ತಕ್ಕಷ್ಟೇ ದೊರೆಯುತ್ತಿತ್ತು. ವಿಶ್ರಾಂತಿಯ ದಿನವಾದ ಸಬ್ಬತ್ತಿಗಾಗಿ ಇಟ್ಟುಕೊಂಡದ್ದನ್ನು ಬಿಟ್ಟು ಮರುದಿನಕ್ಕೆಂದು ಉಳಿಸಿದ್ದರಲ್ಲಿ ಹುಳು ಬಿದ್ದಿತು.

ಸಂತೃಪ್ತಿಯೆಂದರೆ ಯಾರ ಹಂಗೂ ಬೇಡವೆನ್ನುವ ಬಿಗುಮಾನವೆಂದು ಕೆಲವರು ತಿಳಿಯುತ್ತಾರೆ. ಪೌಲನು ‘ಸಂತುಷ್ಟನು’ ಎನ್ನಲು ಬಳಸಿದ ಗ್ರೀಕ್ ಪದವನ್ನು ಸ್ಟೋಯಿಕ್ ತತ್ತ್ವಜ್ಞಾನಿಗಳು ತನಗೆ ತಾನೇ ಸಾಲುವವನೆಂಬ ಅರ್ಥದಲ್ಲಿ ಮೆಚ್ಚುತ್ತಿದ್ದರು. ಅವನಾದರೋ ಅದೇ ಪದವನ್ನು ಎತ್ತಿಕೊಂಡು, ತನ್ನ ಬಲ ಕ್ರಿಸ್ತನದೆಂದು ಹೇಳಿ, ಫಿಲಿಪ್ಪಿಯವರು ತಮ್ಮವನೇ ಆದ ಎಪಫ್ರೊದೀತನ ಕೈಯಲ್ಲಿ ಕಳುಹಿಸಿದ ನೆರವನ್ನು ಸಂತೋಷದಿಂದ ಸ್ವೀಕರಿಸುತ್ತಾನೆ. ಸಭೆಯವರು ಅನ್ನ ತಂದುಕೊಟ್ಟರೆ ನಾಚದೆ ತೆಗೆದುಕೊಳ್ಳಿರಿ.

ಸಮೃದ್ಧಿಯ ಕಾಲಕ್ಕೂ ಇದೇ ಕಲಿಕೆ ಬೇಕು, ಬಹುಶಃ ಹೆಚ್ಚಾಗಿಯೇ ಬೇಕು. ಬಡತನವನ್ನಾಗಲಿ ಐಶ್ವರ್ಯವನ್ನಾಗಲಿ ಕೊಡದಿರೆಂದು ಬೈಬಲಿನ ಜ್ಞಾನೋಕ್ತಿಗಳ ಪುಸ್ತಕದ 30ನೆಯ ಅಧ್ಯಾಯದಲ್ಲಿ ಆಗೂರನೆಂಬವನು ಬೇಡುತ್ತಾನೆ. ಹೊಟ್ಟೆ ತುಂಬಿದವನು ದೇವರನ್ನು ಮರೆತಾನೆಂಬ ಭಯ ಅವನದು. ಸಂಬಳ ಹೆಚ್ಚಿದ ತಿಂಗಳು ಈ ಪ್ರಾರ್ಥನೆಯನ್ನು ಓದುವುದು ಹಿತ.

ಕೊನೆಯದಾಗಿ, ಒಂದು ಎಚ್ಚರಿಕೆಯನ್ನು ಹೇಳದೆ ಬಿಡಲಾರೆ. ಹೊಡೆಯುವ ಗಂಡನ ಮನೆಯಲ್ಲಿರುವ ಹೆಂಗಸಿಗೆ, ಕೂಲಿ ಸಿಗದ ಕಾರ್ಮಿಕನಿಗೆ ‘ಇದ್ದುದರಲ್ಲಿ ತೃಪ್ತಿಪಡು’ ಎಂದು ಈ ವಚನಗಳನ್ನು ಓದಿಸುವುದು ಪಾಪ. ಇದೇ ಫಿಲಿಪ್ಪಿಯ ಸೆರೆಮನೆಯಲ್ಲಿ ಪೌಲನೂ ಅವನ ಜೊತೆಗಾರ ಸೀಲನೂ ಕಾಲುಗಳಿಗೆ ಕೋಳ ಹಾಕಿಸಿಕೊಂಡು ಮಧ್ಯರಾತ್ರಿಯಲ್ಲಿ ಹಾಡಿದರು, ನಿಜ. ಬೆಳಗಾದ ಮೇಲೆ ಅಧಿಕಾರಿಗಳು ಅವರನ್ನು ಗುಟ್ಟಾಗಿ ಕಳುಹಿಸಿಬಿಡಲು ನೋಡಿದಾಗ ಪೌಲನು ಕದಲಲಿಲ್ಲ: ರೋಮ್ ಪ್ರಜೆಗಳಾದ ನಮ್ಮನ್ನು ವಿಚಾರಣೆಯಿಲ್ಲದೆ ಹೊಡೆಸಿದವರು ತಾವೇ ಬಂದು ಹೊರಗೆ ಕರೆದುಕೊಂಡುಹೋಗಲಿ ಎಂದನು. ಅವರು ಬಂದರು. ಆಮೇಲೆ ಇಬ್ಬರೂ ಆ ಊರಿನ ವಿಶ್ವಾಸಿಯಾದ ಲುದ್ಯಳೆಂಬ ಹೆಂಗಸಿನ ಮನೆಗೆ ಹೋಗಿ, ಅಲ್ಲಿದ್ದ ಸಹೋದರರಿಗೆ ಧೈರ್ಯ ಹೇಳಿ ಊರು ಬಿಟ್ಟರು.